ಬಾವಿಯಿಂದ ಶುರುವಾಗಬೇಕಾದ ಅಳತೆ

ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕ್ ಸೋರಿದರೆ ಇಂಧನವೆಲ್ಲ ಒಂದೇ ಕಡೆ ನಿಲ್ಲುವುದಿಲ್ಲ. ಇಳಿಯುವ ದಾರಿಯಲ್ಲೇ ಒಂದಿಷ್ಟು ಮಣ್ಣಿನ ಸಂದಿಗಳಲ್ಲಿ ಹನಿಹನಿಯಾಗಿ ಸಿಕ್ಕಿಕೊಳ್ಳುತ್ತದೆ. ಮಿಕ್ಕದ್ದು ನೀರಿಗಿಂತ ಹಗುರಾದ್ದರಿಂದ ಅಂತರ್ಜಲದ ಮೇಲೆ ತೇಲುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ ಮೇಲಕ್ಕೂ ಬೇಸಗೆಯಲ್ಲಿ ಇಳಿದಾಗ ಕೆಳಕ್ಕೂ ಸರಿಯುತ್ತ, ನಡುವಿನ ಪದರವನ್ನೆಲ್ಲ ಕೆಡಿಸುತ್ತದೆ. ಟ್ಯಾಂಕ್ ಕಿತ್ತರೂ ತೇಲುವ ಎಣ್ಣೆಯನ್ನು ಹೀರಿ ತೆಗೆದರೂ ಮಣ್ಣಿನಲ್ಲಿ ಸಿಕ್ಕಿಕೊಂಡ ಈ ಉಳಿಕೆ ಅಲ್ಲೇ ಇದ್ದು, ವರ್ಷಗಟ್ಟಲೆ ಬೆಂಜೀನನ್ನು ನೀರಿಗೆ ಬಿಡುತ್ತಿರುತ್ತದೆ. ರಕ್ತದ ಕ್ಯಾನ್ಸರ್ ತರಬಲ್ಲ ಈ ರಾಸಾಯನಿಕಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರ್ ನೀರಿಗೆ 10 ಮೈಕ್ರೊಗ್ರಾಂ. ಇಂಥ ಉಳಿಕೆಯಿಂದ ಪಕ್ಕದ ಮನೆಯ ಬಾವಿಗೆ ಎಷ್ಟು ಅಪಾಯ ಎಂದು ತೂಗುವ ವಿಧಾನವೊಂದು ಕಳೆದ ನಾಲ್ಕು ದಶಕಗಳಲ್ಲಿ ಅಮೆರಿಕದಲ್ಲಿ ರೂಪುಗೊಂಡಿದೆ. ಅದನ್ನು ಇದ್ದಹಾಗೆ ಎರವಲು ತಂದರೆ ಹುಬ್ಬಳ್ಳಿ–ಧಾರವಾಡದ ಬಾವಿಗಳು ಲೆಕ್ಕಕ್ಕೇ ಸಿಗುವುದಿಲ್ಲ.

ನೆಲದಡಿಯ ಟ್ಯಾಂಕುಗಳಿಗೆ ಅಮೆರಿಕದಲ್ಲಿ ಕಾನೂನು ಬಂದದ್ದು 1984ರಲ್ಲಿ, ವಿವರವಾದ ನಿಯಮಗಳು 1988ರಲ್ಲಿ. ಹುಡುಕತೊಡಗಿದ ಮೇಲೆ ಸೋರಿಕೆಗಳು ಲಕ್ಷಗಟ್ಟಲೆ ಸಿಕ್ಕವು. ಎಲ್ಲವನ್ನೂ ಪೂರ್ತಿ ತೊಳೆಯುವ ಖರ್ಚು ಯಾರ ಕೈಗೂ ಎಟುಕುವಂತಿರಲಿಲ್ಲ. 1995ರಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ ಕ್ಯಾಲಿಫೋರ್ನಿಯಾದ ದಾಖಲೆಗಳನ್ನು ಜಾಲಾಡಿ, ಬೆಂಜೀನ್ ಬೆರೆತ ನೀರು ಬಹುಪಾಲು ಕಡೆ ಸುಮಾರು 250 ಅಡಿಯೊಳಗೇ ನಿಂತುಬಿಡುತ್ತದೆ ಎಂದಿತು. ಮಣ್ಣಿನ ಸೂಕ್ಷ್ಮಜೀವಿಗಳೇ ಅದನ್ನು ತಿಂದು ಮುಗಿಸುತ್ತವೆ. ಈ ತಿಳಿವಿನ ಮೇಲೆ ನಿಂತದ್ದು ಆ ರಾಜ್ಯದ 2012ರ ನೀತಿ: ಕೆಟ್ಟ ನೀರು 100 ಅಡಿಗಿಂತ ಕಡಿಮೆ ಹರಡಿದ್ದು, ಅದರ ಅಂಚಿನಿಂದ ಹತ್ತಿರದ ಬಾವಿ 250 ಅಡಿಗಿಂತ ಆಚೆಗಿದ್ದರೆ, ಇತರ ಷರತ್ತುಗಳಿಗೆ ಒಳಪಟ್ಟು, ಕಡತ ಮುಚ್ಚಬಹುದು. ವಿವೇಕದ ನಿರ್ಧಾರವೇ. ಆದರೆ ಅದರೊಳಗೆ ಎರಡು ನಂಬಿಕೆಗಳಿವೆ: ನೀರು ಮರಳು, ಮೆಕ್ಕಲಿನ ಮೂಲಕ ಸಾವಕಾಶವಾಗಿ ಸರಿಯುತ್ತದೆ, ಬಾವಿ ಎಲ್ಲಿದೆಯೆಂದು ಸರ್ಕಾರಕ್ಕೆ ಗೊತ್ತಿದೆ.

ಇಲ್ಲಿ ಎರಡೂ ನಿಲ್ಲುವುದಿಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಧಾರವಾಡದ ಹೆಸರನ್ನೇ ಇಟ್ಟ ಶಿಲಾಸಮೂಹದ ಮೇಲೆ ಈ ಜೋಡಿ ನಗರ ಕುಳಿತಿದೆ. ಗಟ್ಟಿ ಬಂಡೆಯಲ್ಲಿ ನೀರು ಬಿರುಕು ಹಿಡಿದು ಓಡುತ್ತದೆ; ಐವತ್ತು ಅಡಿ ದೂರದ ಬಾವಿ ಶುದ್ಧವಾಗಿದ್ದು, ಆ ಬಿರುಕಿನ ಮೇಲೇ ಕೊರೆದ ದೂರದ ಬೋರು ಕೆಡಬಹುದು. ಮೇಲೆ ಹುಬ್ಬಳ್ಳಿ ಕಡೆ ಎರಿ ಮಣ್ಣು, ಧಾರವಾಡದ ಪಶ್ಚಿಮಕ್ಕೆ ಮಸಾರಿ. ಜಿಗುಟಾದ ಎರಿ ಎಣ್ಣೆಯನ್ನು ತಡೆಯುತ್ತದೆ ಎಂಬ ಮಾತು ಹಸಿ ನೆಲಕ್ಕೆ ಸರಿ. ಏಪ್ರಿಲ್‌ನಲ್ಲಿ ಕೈ ಇಳಿಯುವಷ್ಟು ಬಾಯಿಬಿಟ್ಟ ಅದೇ ನೆಲಕ್ಕೆ ಅದು ಒಪ್ಪುವುದಿಲ್ಲ. ಇನ್ನು ಎರಡನೆಯ ನಂಬಿಕೆ: ಬಾವಿ ಎಲ್ಲಿದೆಯೆಂಬುದು ನಮ್ಮಲ್ಲಿ ಅದು ಕೆಟ್ಟ ಮೇಲೇ ತಿಳಿಯುತ್ತದೆ. ಕೇರಳದ ಪರಿಯಾಪುರಂನಲ್ಲಿ 2023ರ ಆಗಸ್ಟ್‌ನಲ್ಲಿ ಡೀಸೆಲ್ ಟ್ಯಾಂಕರ್ ಉರುಳಿದ ಮೇಲೆ ಸುತ್ತಲ ಮನೆಬಾವಿಗಳಲ್ಲಿ ಡೀಸೆಲ್ ಕಾಣಿಸಿಕೊಂಡಿತು, ಒಂದು ಬಾವಿಗೆ ಬೆಂಕಿಯೂ ಹತ್ತಿತು. ಚೆನ್ನೈನ ತಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ಪೈಪ್‌ಲೈನ್ ಸೋರಿಕೆಯ ಸುದ್ದಿ ಹೊರಬಿದ್ದದ್ದೇ ಮನೆಗಳ ಬೋರ್ ನೀರಿನಲ್ಲಿ ಪೆಟ್ರೋಲ್ ಬಂದಾಗ. ಎರಡೂ ಕಡೆ ನೀರು ಕೆಟ್ಟದ್ದನ್ನು ಮೊದಲು ಹೇಳಿದ್ದು ಬಾವಿಯೇ.

ನಮಗೆ ಮಲಪ್ರಭೆಯ ನೀರಿದೆ, ಬಾವಿ ನೀರು ಕುಡಿಯುವವರು ಯಾರು ಎಂಬ ಆಕ್ಷೇಪ ಸಹಜ. ಆದರೆ ನಳಕ್ಕೆ ನೀರು ದಿನಗಟ್ಟಲೆ ಬಿಟ್ಟು ಬರುವ ಬಡಾವಣೆಗಳಲ್ಲಿ ಬೋರೇ ಆಸರೆ. ಬೆಂಜೀನ್ ಸುಲಭವಾಗಿ ಆವಿಯಾಗುವುದರಿಂದ ಬಚ್ಚಲಲ್ಲಿ ಬಿಸಿನೀರು ಸುರಿದುಕೊಂಡರೂ ಉಸಿರಿಗೆ ಸೇರುತ್ತದೆ. ಕೆಟ್ಟಿದ್ದರೆ ವಾಸನೆ ಬರುವುದಿಲ್ಲವೇ? ನೀರಿನಲ್ಲಿ ಬೆಂಜೀನ್ ಮೂಗಿಗೆ ತಿಳಿಯುವುದು ಲೀಟರಿಗೆ ಸುಮಾರು 10 ಮಿಲಿಗ್ರಾಂ ಇದ್ದಾಗ, ಅಂದರೆ ಮಿತಿಯ ಸಾವಿರ ಪಟ್ಟು. ಪೆಟ್ರೋಲಿನ ಬೇರೆ ಅಂಶಗಳು ಮೊದಲೇ ಘಾಟು ಕೊಡಬಹುದು, ನಿಜ. ಆದರೆ ಘಾಟಿಲ್ಲದ್ದು ಶುದ್ಧವೆಂಬುದಕ್ಕೆ ಸಾಕ್ಷಿಯಲ್ಲ. ಇನ್ನು, ಪ್ರಕೃತಿಯೇ ಗುಣಪಡಿಸುತ್ತದೆ ಎಂಬುದು ಎಲ್ಲಕ್ಕಿಂತ ಬಲವಾದ ವಾದ, ಅದರಲ್ಲಿ ಸತ್ಯವೂ ಇದೆ. ಆದರೆ ಇಂದಿನ ಪೆಟ್ರೋಲಿನಲ್ಲಿ 20 ಪ್ರತಿಶತ ಎಥನಾಲ್. ಸೂಕ್ಷ್ಮಜೀವಿಗಳು ಮೊದಲು ಅದನ್ನೇ ತಿಂದು ಆಮ್ಲಜನಕ ಮುಗಿಸುತ್ತವೆ. ಬೆಂಜೀನ್ ಅಷ್ಟು ಹೊತ್ತು ಹೆಚ್ಚು ದೂರ ಹೋಗುತ್ತದೆ. 1995ರ ಅಳತೆಯ ಕಾಲದ ಪೆಟ್ರೋಲ್ ಇದಲ್ಲ.

ನಮ್ಮ ನಿಯಮಗಳು ಬಾವಿಯನ್ನು ಇನ್ನೂ ಸರಿಯಾಗಿ ಕಂಡಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಹೊಸ ಬಂಕಿಗೆ ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್ ದೂರ ಕೇಳುತ್ತದೆ. ಕುಡಿಯುವ ನೀರಿನ ಐಎಸ್ 10500 ಮಾನಕದಲ್ಲಿ ಖನಿಜ ತೈಲಕ್ಕೆ ಮಿತಿಯಿದೆ, ಬೆಂಜೀನ್‌ಗೆ ಪ್ರತ್ಯೇಕ ಮಿತಿಯಿಲ್ಲ. ಆಶೆ ಹುಟ್ಟಿಸುವುದು 2025ರ ಜುಲೈನಲ್ಲಿ ಬಂದ ಕಲುಷಿತ ತಾಣಗಳ ನಿರ್ವಹಣೆ ನಿಯಮಗಳು: ಶಂಕಿತ ತಾಣಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆ ಇಲ್ಲವೆ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ರಾಜ್ಯ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ತಪಾಸಣೆ ಮಾಡಬೇಕು. ಮಹಾನಗರ ಪಾಲಿಕೆ ಮೊದಲು ಮಾಡಬೇಕಾದ್ದು, ಹಳೆಯ ಮತ್ತು ಮುಚ್ಚಿದ ಬಂಕ್, ಡೀಸೆಲ್ ಡಿಪೋಗಳ ಸುತ್ತ ಬಾವಿ–ಬೋರುಗಳನ್ನು ಆಳ, ಬಳಕೆ ಸಮೇತ ನಕ್ಷೆಗೆ ಏರಿಸುವುದು. ಎಲ್ಲ ಬಾವಿಗೂ ದುಬಾರಿ ಪರೀಕ್ಷೆ ಬೇಕಿಲ್ಲ. ನಕ್ಷೆಯೇ ಯಾವುದಕ್ಕೆ ಬೇಕೆಂದು ತೋರಿಸುತ್ತದೆ. ಆ ಕೆಲವಕ್ಕೆ ಮಾತ್ರ ಬೇಸಗೆಯ ಕೊನೆಗೊಮ್ಮೆ, ಮಳೆ ನಿಂತ ಮೇಲೊಮ್ಮೆ, ಗಾಳಿಗೆ ಎಡೆಯಿಲ್ಲದಂತೆ ತುಂಬಿದ ಗಾಜಿನ ಶೀಸೆಯಲ್ಲಿ ಮಾದರಿ ತೆಗೆಯಬೇಕು. ಬಂಕ್ ಮುಚ್ಚಲು ಇಲ್ಲವೆ ಸ್ಥಳಾಂತರಿಸಲು ಅರ್ಜಿ ಬಂದ ದಿನವೇ ಬಾವಿಗಳ ಈ ಪರೀಕ್ಷೆಯ ವರದಿ ಕೇಳಬೇಕು; ಅದೇ ಜಾಗದಲ್ಲಿ ಮನೆ ಕಟ್ಟಿ ಹೊಸ ಬೋರು ಕೊರೆದ ಮೇಲೆ ಕೇಳಿದರೆ ತಡವಾಗಿರುತ್ತದೆ.