ಒಂಬತ್ತರ ಜೋಡಿ

ಇಸ್ಪೀಟು ನಮ್ಮ ಮನೆಗಳಿಗೆ ಹೊಸತಲ್ಲ. ಶಿವರಾತ್ರಿಯ ಜಾಗರಣೆಯ ನೆಪದಲ್ಲಿ ಹಿರಿಯರೂ ಕಿರಿಯರೂ ಒಂದೇ ಜಮಖಾನದ ಮೇಲೆ ಕುಳಿತು ರಮ್ಮಿಯಾಡುವುದನ್ನು ಕಾಣದ ಬೆಂಗಳೂರಿಗರು ವಿರಳ. ತಂತ್ರಾಂಶದ ಕಚೇರಿಗಳು ತುಂಬಿಕೊಂಡಿರುವ ಮಹದೇವಪುರದ ಕಡೆಯ ತರುಣರಿಗೆ ಇಂದು ಪೋಕರ್ ಆಟವೂ ಅಪರಿಚಿತವಲ್ಲ. ಮಕ್ಕಳು ಆಡುವ ಆಟದ ಮರ್ಮವನ್ನು ಹಿರಿಯರೂ ತಿಳಿದಿರುವುದು ಲೇಸು.

ಆಟದ ಕ್ರಮ ಸರಳ. ಪ್ರತಿಯೊಬ್ಬರಿಗೂ ಎರಡೆರಡು ಎಲೆಗಳನ್ನು ಮುಚ್ಚಿ ಹಂಚುತ್ತಾರೆ. ಮೊದಲ ಸುತ್ತಿನ ಪಣ ಮುಗಿದ ಮೇಲೆ ಮೂರು ಎಲೆಗಳನ್ನು ಎಲ್ಲರ ಮುಂದೆ ತೆರೆದಿಡುತ್ತಾರೆ. ಇದಕ್ಕೆ ‘ಫ್ಲಾಪ್’ ಎಂದು ಹೆಸರು. ಬಳಿಕ ಒಂದೊಂದಾಗಿ ಇನ್ನೆರಡು. ಒಟ್ಟು ಏಳರಲ್ಲಿ ಆಯ್ದ ಐದು ಎಲೆಗಳು ಯಾರವು ಶ್ರೇಷ್ಠವೋ ಅವರಿಗೆ ಗೆಲುವು. ‘ಲಿಮಿಟ್’ ಆಟದಲ್ಲಿ ಪಣದ ಪ್ರಮಾಣ ಮೊದಲೇ ನಿಶ್ಚಿತ: ಮೊದಲೆರಡು ಸುತ್ತಿಗೆ ಎರಡೆರಡು ಹುಣಿಸೆ ಬೀಜವಾದರೆ ಕೊನೆಯೆರಡಕ್ಕೆ ನಾಲ್ಕು ನಾಲ್ಕು.

ಎರಡು ಮತ್ತು ಏಳು ಬಂದವನು ಎಲೆ ಕೆಳಗಿಡುತ್ತಾನೆ; ಎಕ್ಕದ ಜೋಡಿ ಬಂದವನು ಪಣವೇರಿಸುತ್ತಾನೆ. ಇವರಿಬ್ಬರಿಗೂ ಚಿಂತೆಯಿಲ್ಲ. ಪರೀಕ್ಷೆಯೆಲ್ಲ ಎಂಟು, ಒಂಬತ್ತು, ಹತ್ತರ ಜೋಡಿ ಹಿಡಿದವನಿಗೆ. ಯಾವುದೇ ಜೋಡಿ ಬರುವುದು ಸರಾಸರಿ ೧೭ ಹಂಚಿಕೆಗೊಮ್ಮೆ; ಆದ್ದರಿಂದ ಬಂದೊಡನೆ ಮನಸ್ಸು ಉಬ್ಬುತ್ತದೆ.

ಲೆಕ್ಕ ನೋಡೋಣ. ಕೈಯಲ್ಲಿ ಒಂಬತ್ತರ ಜೋಡಿಯಿದ್ದಾಗ, ಫ್ಲಾಪಿನಲ್ಲಿ ಒಂಬತ್ತಕ್ಕಿಂತ ದೊಡ್ಡ ಎಲೆ ಒಂದಾದರೂ ಬರುವ ಸಂಭವ ನೂರಕ್ಕೆ ೭೯. ಹತ್ತರ ಜೋಡಿಗೆ ಇದು ಸುಮಾರು ೭೦, ಎಂಟರದಕ್ಕೆ ೮೭. ಎದುರಾಳಿ ಒಬ್ಬನೇ ಆದರೆ ಆ ದೊಡ್ಡ ಎಲೆ ಅವನಿಗೆ ಹೊಂದದೆಯೂ ಹೋಗಬಹುದು. ಆರು ಮಂದಿಯಿದ್ದರೆ ಯಾರಿಗಾದರೂ ಹೊಂದುವ ಸಂಭವವೇ ಹೆಚ್ಚು. ಆಗ ಉಳಿಯುವ ಮುಖ್ಯ ಭರವಸೆ ಮೂರನೆಯ ಒಂಬತ್ತು. ಅದು ಫ್ಲಾಪಿನಲ್ಲಿ ಕಾಣಿಸಿಕೊಳ್ಳುವುದು ನೂರಕ್ಕೆ ಸುಮಾರು ೧೨ ಸಲ ಮಾತ್ರ.

ಆದ್ದರಿಂದ ಜಾಣರ ಕ್ರಮ ಹೀಗೆ. ಇನ್ನೂ ಯಾರೂ ಪಣವಿಟ್ಟಿಲ್ಲವಾದರೆ ಏರಿಸಿ, ಎದುರಾಳಿಗಳನ್ನು ಕಡಿಮೆ ಮಾಡುವುದು. ಸಣ್ಣ ಪಣದ ಆಟದಲ್ಲಿ ಎರಡು ಬೀಜಕ್ಕೆ ಅಂಜಿ ಏಳುವವರು ಕಡಿಮೆ. ಆಗಲೇ ನಾಲ್ಕೈದು ಮಂದಿ ಸೇರಿದ್ದರೆ ಒಂದೇ ಪಣ ಕೊಟ್ಟು ಫ್ಲಾಪ್ ನೋಡುವುದು. ಮೂರನೆಯ ಒಂಬತ್ತು ಬಂದರೆ ಮುಂದಿನ ದೊಡ್ಡ ಪಣಗಳು ಶ್ರಮ ತೀರಿಸುತ್ತವೆ. ಬಾರದೆ ದೊಡ್ಡ ಎಲೆಯ ಮೇಲೆ ಪಣಗಳೇರಿದರೆ ಕೈಬಿಡುವುದು. ತನ್ನ ಸರದಿಗೆ ಮೊದಲೇ ಇಬ್ಬರು ಏರಿಸಿದ್ದರೆ ಒಂಬತ್ತರ ಜೋಡಿಯನ್ನು ಆಗಲೇ ಕೆಳಗಿಡುವುದು ಕ್ಷೇಮ. ಒಂದೇ ಜೋಡಿಯ ಬೆಲೆ ಜೊತೆಗೆ ಕುಳಿತವರ ಸಂಖ್ಯೆಯೊಡನೆ ಬದಲಾಗುತ್ತದೆ.

ಮಹಾಭಾರತದ ವನಪರ್ವದಲ್ಲಿ ರಾಜ್ಯ ಸೋತ ನಳ, ತಾರೆಯ ಮರದ ಎಲೆ ಹಣ್ಣುಗಳನ್ನು ಎಣಿಸಿ ಹೇಳಬಲ್ಲ ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತು ಪುಷ್ಕರನನ್ನು ಗೆದ್ದ. ಎಣಿಕೆ ದೊಡ್ಡ ವಿದ್ಯೆಯೇ ಸರಿ. ಆದರೆ ಪೋಕರಿನ ಎಣಿಕೆ ಒಂದು ದಿನದ ಗೆಲುವಿಗೆ ಹೊಣೆಯಲ್ಲ. ಸರಿಯಾಗಿ ಆಡಿದವನೂ ಎಷ್ಟೋ ರಾತ್ರಿ ಸೋತೇ ಏಳುತ್ತಾನೆ. ಕೌಶಲದ ಆಟಗಳನ್ನೂ ಒಳಗೊಂಡ ರಾಜ್ಯದ ೨೦೨೧ರ ನಿಷೇಧವನ್ನು ಕರ್ನಾಟಕ ಹೈಕೋರ್ಟು ೨೦೨೨ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಹಣದಾಟಗಳನ್ನೇ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕಾಯಿದೆ ಏನೇ ಹೇಳಲಿ, ತಿಂಗಳ ಸಂಬಳದಲ್ಲಿ ಬಾಡಿಗೆ, ಶಾಲೆಯ ಶುಲ್ಕ, ತಾಯಿಯ ಔಷಧಿ ಇವೆಲ್ಲಕ್ಕೂ ಪಾಲಿದೆ. ಲೆಕ್ಕದ ಸೊಗಸು ಸವಿಯಲು ಒಂದು ಬಟ್ಟಲು ಹುಣಿಸೆ ಬೀಜ ಧಾರಾಳವಾಗಿ ಸಾಕು.