ಫ್ಲೂ ಜ್ವರ ಮತ್ತು ಶ್ವಾಸಕೋಶದ ಕಾವಲು

ಫ್ಲೂ ಜ್ವರ ಬಂದಾಗ ಮೈಯೆಲ್ಲ ಕಾದು, ಕೀಲುಗಳು ನೋಯುವುದನ್ನು ತಾವು ಅನುಭವಿಸಿಯೇ ಇರುತ್ತೀರಿ. ಇವೆಲ್ಲವನ್ನೂ ರೋಗಾಣುವೇ ಉಂಟುಮಾಡುತ್ತದೆಂದು ಅನೇಕರ ನಂಬಿಕೆ. ವಾಸ್ತವವಾಗಿ ಇವುಗಳಲ್ಲಿ ಬಹುಪಾಲು ನಮ್ಮ ದೇಹವು ರೋಗಾಣುವಿನೊಡನೆ ನಡೆಸುವ ಹೋರಾಟದ ಫಲ.

ಇನ್‌ಫ್ಲುಯೆಂಜಾ ವೈರಸ್ಸು ರೋಗಿಯು ಕೆಮ್ಮಿದಾಗ, ಸೀನಿದಾಗ ಹಾರುವ ತುಂತುರಿನೊಡನೆ ನಮ್ಮ ಉಸಿರಿನ ದಾರಿಯನ್ನು ಸೇರುತ್ತದೆ. ಅಲ್ಲಿ ಅಂಟಾದ ಲೋಳೆಯು ಅದನ್ನು ಹಿಡಿಯುತ್ತದೆ. ಸೂಕ್ಷ್ಮ ರೋಮಗಳು ಗಾಳಿಗೆ ಬಾಗುವ ಪೈರಿನಂತೆ ಬಳುಕುತ್ತ ಆ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ಬೀಡಿಯ ಹೊಗೆಯೂ ಸೌದೆ ಒಲೆಯ ಹೊಗೆಯೂ ಈ ರೋಮಗಳನ್ನು ಕುಂದಿಸುತ್ತವೆ. ಮನೆಯೊಳಗೆ ಬೀಡಿ ಸೇದುವ ಪತಿಯು ಕೆಡಿಸುವುದು ತನ್ನೊಬ್ಬನ ಶ್ವಾಸಕೋಶವನ್ನಲ್ಲವೆಂದು ಇಲ್ಲಿ ಹೇಳದಿರಲಾರೆ.

ಈ ತಡೆಯನ್ನು ದಾಟಿದ ವೈರಸ್ಸು ಒಳಪದರದ ಜೀವಕೋಶವನ್ನು ಹೊಕ್ಕು ಅಲ್ಲಿಯೇ ವೃದ್ಧಿಯಾಗುತ್ತದೆ. ಆದರೆ ಆ ಜೀವಕೋಶವು ಸುಮ್ಮನಿರುವುದಿಲ್ಲ. ಒಳಬಂದುದು ಪರಕೀಯವೆಂದು ಗುರುತಿಸಿ ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಸೂಸುತ್ತದೆ. ಕಳ್ಳ ನುಗ್ಗಿದ ಮನೆಯವರ ಕೂಗು ಕೇಳಿ ನೆರೆಯವರು ಅಗುಳಿ ಹಾಕಿಕೊಳ್ಳುವಂತೆ, ಅಕ್ಕಪಕ್ಕದ ಜೀವಕೋಶಗಳು ವೈರಸ್ಸು ಬೆಳೆಯಲಾಗದಂತೆ ಸಜ್ಜಾಗುತ್ತವೆ. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಇದನ್ನು ಕಂಡುಹಿಡಿದದ್ದು ಫ್ಲೂ ವೈರಸ್ಸನ್ನೂ ಕೋಳಿಮೊಟ್ಟೆಯ ಒಳಪೊರೆಯನ್ನೂ ಬಳಸಿಯೇ.

ಶ್ವಾಸಕೋಶದ ಪುಟ್ಟ ಗಾಳಿಗೂಡುಗಳಲ್ಲಿ ಸದಾ ಕಾವಲಿರುವ ಭಕ್ಷಕ ಕಣಗಳು ವೈರಸ್ಸನ್ನೂ ಸತ್ತ ಜೀವಕೋಶಗಳನ್ನೂ ನುಂಗುತ್ತವೆ. ರಕ್ತದಿಂದ ಬಿಳಿ ಕಣಗಳು ಬಂದು ಸೇರುತ್ತವೆ. ಇವೆಲ್ಲ ಹೊರಡಿಸುವ ರಾಸಾಯನಿಕ ಸಂದೇಶಗಳು ಮಿದುಳನ್ನು ಮುಟ್ಟಿದಾಗಲೇ ಜ್ವರವೇರುವುದು. ಈ ವೈರಸ್ಸಿಗೆಂದೇ ತಯಾರಾಗುವ ಪ್ರತಿಕಾಯಗಳು ಸಿದ್ಧವಾಗಲು ಸುಮಾರು ಒಂದು ವಾರ ಬೇಕು. ಅಲ್ಲಿಯವರೆಗೆ ಕೋಟೆಯನ್ನು ಕಾಯುವವರು ಇವರೇ. ಆದುದರಿಂದ ವಿಶ್ರಾಂತಿ, ಗಂಜಿ, ಧಾರಾಳವಾಗಿ ನೀರು, ಅಗತ್ಯವಿದ್ದಲ್ಲಿ ಪ್ಯಾರಾಸಿಟಮಾಲ್, ಇಷ್ಟರಿಂದಲೇ ಬಹುಮಂದಿ ಗುಣ ಹೊಂದುತ್ತಾರೆ. "ಡಾಕ್ಟರೇ, ಒಂದು ಸೂಜಿ ಹಾಕಿಬಿಡಿ" ಎನ್ನುವವರು ಬಹಳ. ಆದರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಆಂಟಿಬಯಾಟಿಕ್ ಔಷಧಿಯು ವೈರಸ್ಸನ್ನು ಏನೂ ಮಾಡದು.

ಕೆಲವರಲ್ಲಿ ಈ ಹೋರಾಟವು ಮಿತಿ ಮೀರುತ್ತದೆ. ಊತದಿಂದ ಗಾಳಿಗೂಡುಗಳಲ್ಲಿ ದ್ರವ ತುಂಬಿ, ಉಸಿರಾಡುವುದೇ ಕಷ್ಟವಾಗುತ್ತದೆ. ಗರ್ಭಿಣಿಯರಿಗೆ ಈ ಅಪಾಯ ಹೆಚ್ಚು. ದೇಹದ ರಕ್ಷಣಾ ವ್ಯವಸ್ಥೆಯು ಆಗ ಬದಲಾಗಿರುತ್ತದೆ, ಬೆಳೆದ ಗರ್ಭವು ಎದೆಯ ಕಡೆಗೆ ಒತ್ತುತ್ತಿರುತ್ತದೆ. ಗರ್ಭಿಣಿಗೆ ಫ್ಲೂ ಲಕ್ಷಣ ಕಂಡೊಡನೆ, ಏದುಸಿರು ಬರಲೆಂದು ಕಾಯದೆ, ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಕೊಡುವ ಒಸೆಲ್ಟಾಮಿವಿರ್ ಔಷಧಿಯು ಮೊದಲ 48 ಗಂಟೆಗಳೊಳಗೆ ಆರಂಭವಾದರೆ ಹೆಚ್ಚು ಫಲಕಾರಿ.

ಮಗುವಿಗೆ ಕೆಮ್ಮು ಜ್ವರವಿದ್ದರೆ, ಅದು ಅಳದೆ ಶಾಂತವಾಗಿರುವಾಗ ಅಂಗಿಯನ್ನು ಮೇಲೆತ್ತಿ, ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಿರಿ. 2 ತಿಂಗಳೊಳಗಿನ ಶಿಶುವಿನಲ್ಲಿ 60, ಒಂದು ವರ್ಷದೊಳಗಿನ ಮಗುವಿನಲ್ಲಿ 50, ಐದು ವರ್ಷದೊಳಗಿನ ಮಗುವಿನಲ್ಲಿ 40 ಅಥವಾ ಅದಕ್ಕೂ ಮೇಲ್ಪಟ್ಟರೆ ತಡಮಾಡಬಾರದು. ಪಕ್ಕೆ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಯಾಗಿದ್ದರೆ, ಮಗು ಹಾಲು ಕುಡಿಯದಿದ್ದರೆ ರಾತ್ರಿಯಾದರೂ ಹೊರಡಿರಿ.

ತಾಯಿಗೇ ಫ್ಲೂ ಬಂದಿದ್ದರೂ ಎದೆಹಾಲನ್ನು ನಿಲ್ಲಿಸಬೇಕಾಗಿಲ್ಲ; ಕೈ ತೊಳೆದು, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಾಲೂಡಿಸಬಹುದು. ಆರು ತಿಂಗಳೊಳಗಿನ ಶಿಶುವಿಗೆ ಫ್ಲೂ ಲಸಿಕೆಯನ್ನು ಹಾಕುವಂತಿಲ್ಲ. ಗರ್ಭಿಣಿಯಾಗಿರುವಾಗಲೇ ತಾಯಿಯು ಹಾಕಿಸಿಕೊಂಡಲ್ಲಿ ಆಕೆಯ ಪ್ರತಿಕಾಯಗಳು ಮಗುವಿಗೂ ದೊರೆತು ಮೊದಲ ತಿಂಗಳುಗಳಲ್ಲಿ ಅದನ್ನು ಕಾಯುತ್ತವೆ.