ಮಳೆಗಾಲದ ಬೆಟ್ಟಕ್ಕೆ ಎಂಥ ಪ್ಯಾಂಟು?

"ಸೀರೆ ಆರಿಸುವುದು ಹೇಗೆ ಅಂತ ಬರೆದರೆ ನಾಲ್ಕು ಜನ ಓದುತ್ತಾರೆ. ಪ್ಯಾಂಟು ಆರಿಸುವುದು ಹೇಗೆ ಅಂತ ಬರೆದರೆ ಯಾರು ಓದುತ್ತಾರೆ ಮಾರಾಯ್ತಿ?" ನಾನು ಈ ಲೇಖನ ಬರೆಯಲು ಕುಳಿತಾಗ ನಮ್ಮ ಮನೆಯವರು ಕೇಳಿದ ಪ್ರಶ್ನೆ ಇದು. ನೀವೇ ಹೇಳಿ ಗೆಳತಿಯರೇ, ಈಗ ನಮ್ಮಂಥ ಗೃಹಿಣಿಯರು ಬೆಟ್ಟ ಹತ್ತುವುದಿಲ್ಲವೇ? ಸಕ್ಕರೆ ಕಾಯಿಲೆಯ ಹೆದರಿಕೆಗೋ, ಮಂಡಿ ಹಿಡಿದುಕೊಳ್ಳಬಾರದೆಂದೋ ಬೆಳಗಿನ ವಾಕಿಂಗ್ ಶುರು ಮಾಡುತ್ತೇವೆ. ಆರು ತಿಂಗಳು ಕಳೆಯುವುದರಲ್ಲಿ ಗುಂಪಿನಲ್ಲಿ ಒಬ್ಬಾಕೆ "ಕೊಡಚಾದ್ರಿಗೆ ಹೋಗೋಣವೇ?" ಎನ್ನುತ್ತಾಳೆ. ಅಲ್ಲಿಂದ ಮುಳ್ಳಯ್ಯನಗಿರಿ, ಕುದುರೆಮುಖ, ಕೊಡಗಿನ ತಡಿಯಂಡಮೋಳ್ ಅಂತ ಆಸೆ ಬೆಳೆಯುತ್ತದೆ. ಅದೂ ಎಲ್ಲರಿಗೂ ಮಳೆಗಾಲದಲ್ಲೇ ಹೋಗಬೇಕು, ಬೆಟ್ಟ ಹಸಿರುಟ್ಟು ನಿಂತಾಗ!

ಶೂ ಕೊಳ್ಳುವಾಗ ಹತ್ತು ಅಂಗಡಿ ತಿರುಗುತ್ತೇವೆ. ಜಾಕೆಟ್ಟಿನ ಬಣ್ಣಕ್ಕೆ ಒಂದು ಗಂಟೆ ಚರ್ಚೆ ಮಾಡುತ್ತೇವೆ. ಸೊಂಟದಿಂದ ಕೆಳಗೆ ಏನು ಹಾಕಿಕೊಳ್ಳಬೇಕೆಂಬುದನ್ನು ಮಾತ್ರ ಹೊರಡುವ ಹಿಂದಿನ ರಾತ್ರಿ ನೆನೆಸಿಕೊಳ್ಳುತ್ತೇವೆ. ನಾನೂ ಹಾಗೇ ಮಾಡಿದವಳು. ಅದರ ಫಲವನ್ನು ನಾನಲ್ಲ, ನನ್ನ ಓರಗಿತ್ತಿ ಉಂಡಳು.

2022ರ ಜುಲೈ ತಿಂಗಳು. ನಾನು, ನನ್ನ ಮಗಳು, ಓರಗಿತ್ತಿ ಮೂವರೂ ಅರಣ್ಯ ಇಲಾಖೆಯ ಅನುಮತಿ ಪಡೆದು ಕುದುರೆಮುಖಕ್ಕೆ ಹೊರಟೆವು. ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿ ಬರಲು ಸುಮಾರು 20 ಕಿಲೋಮೀಟರ್. ಶಿಖರದ ಎತ್ತರ 1,890 ಮೀಟರಿಗೆ ಸ್ವಲ್ಪ ಮೇಲೆ. ನಡುವೆ ತೊರೆಗಳು, ಶೋಲಾ ಕಾಡು, ಆಮೇಲೆ ಮರವೇ ಇಲ್ಲದ ಹುಲ್ಲುಗುಡ್ಡ. ಓರಗಿತ್ತಿ ಹಾಕಿಕೊಂಡಿದ್ದು ಹತ್ತಿಯ ಚೂಡಿದಾರ. "ಹತ್ತಿ ಮೈಗೆ ಹಿತ ಅಕ್ಕಾ" ಎಂದಿದ್ದಳು. ನಾನು ಮಾತ್ರ ಬುದ್ಧಿವಂತೆಯಂತೆ ನಮ್ಮೂರಿನ ಅಂಗಡಿಯೊಂದರಲ್ಲಿ 'ಪಕ್ಕಾ ವಾಟರ್‌ಪ್ರೂಫ್' ಎಂದು ಕೊಟ್ಟ ಪ್ಯಾಂಟು ಧರಿಸಿದ್ದೆ. ಸ್ಕೂಟರಿನವರು ಹಾಕುವ ಪ್ಲಾಸ್ಟಿಕ್ಕಿನ ತರಹದ್ದು.

ಒಂಟಿಮರ ಮುಟ್ಟುವ ಹೊತ್ತಿಗೆ ನನ್ನ ಪ್ಯಾಂಟಿನೊಳಗೆ ಇಡ್ಲಿ ಬೇಯಿಸಬಹುದಿತ್ತು. ತೊರೆ ದಾಟಿ ಕಲ್ಲಿನ ಮೇಲೆ ಕಾಲೆತ್ತಿ ಇಟ್ಟರೆ ಪಾದದ ಹತ್ತಿರದಿಂದ ನೀರು ಸುರಿಯಿತು. ಮಳೆ ನೀರಲ್ಲ, ನನ್ನದೇ ಬೆವರು! ಸಾಲದ್ದಕ್ಕೆ ಒದ್ದೆ ಬಂಡೆಯ ಮೇಲೆ ಕುಳಿತಾಗ ಹಿಂಭಾಗದ ಹೊಲಿಗೆಯಿಂದ ನೀರು ಒಳಗೂ ಬಂತು.

ಇಲ್ಲಿಯವರೆಗೆ ನಗುವ ವಿಷಯ. ಹುಲ್ಲುಗುಡ್ಡಕ್ಕೆ ಬಂದ ಮೇಲೆ ನಗು ನಿಂತಿತು. ಅಲ್ಲಿ ಗಾಳಿ ಎಂದರೆ ಮಳೆಯನ್ನು ಅಡ್ಡಡ್ಡ ಎರಚುವ ಗಾಳಿ. ಓರಗಿತ್ತಿ ಮೊದಲು ನಡುಗಿದಳು, ಹಲ್ಲು ಕಟಕಟ ಅಂದವು. ಸ್ವಲ್ಪ ಹೊತ್ತಿಗೆ ಮಾತು ಕಡಿಮೆಯಾಯಿತು. ಚೀಲದ ಜಿಪ್ ತೆಗೆಯಲು ಬೆರಳು ಬಗ್ಗಲಿಲ್ಲ. "ಅಕ್ಕಾ, ಈ ಕಾಲು ನಂದಲ್ಲ ಅನ್ನಿಸ್ತಿದೆ" ಎಂದು ತೊದಲಿದಳು. ನಾನು ಆಯಾಸವಿರಬೇಕು ಅಂದುಕೊಂಡೆ. ಜೊತೆಗೆ ಬಂದಿದ್ದ ಗೈಡ್ ಹುಡುಗ ಅವಳ ಮುಖ ನೋಡಿದವನೇ "ಮುಂದೆ ಬೇಡ ಅಮ್ಮಾ, ಇಳಿಯೋಣ" ಎಂದ. ಗಾಳಿ ಬೀಸದ ಶೋಲಾದ ಮರೆಗೆ ಕರೆದುಕೊಂಡು ಹೋದೆವು. ಒದ್ದೆ ಬಟ್ಟೆ ತೆಗೆಸಿ ಮಗಳ ಚೀಲದಲ್ಲಿದ್ದ ಒಣ ಬಟ್ಟೆ ಹಾಕಿಸಿದೆವು. ಅದರ ಮೇಲೆ ಮಗಳು ತನಗೆಂದು ತಂದಿದ್ದ ಮಳೆ ಪ್ಯಾಂಟು. ಫ್ಲಾಸ್ಕಿನ ಬಿಸಿ ಚಹಾ, ಬೆಲ್ಲ. ಅರ್ಧ ಗಂಟೆಗೆ ಅವಳ ಮಾತು ಸರಿಯಾಯಿತು. ಶಿಖರ ನೋಡದೆಯೇ ಇಳಿದು ಬಂದೆವು.

ಮೈಯ ಶಾಖ ಅಪಾಯದ ಮಟ್ಟಕ್ಕೆ ಇಳಿಯುವುದು ಹಿಮಾಲಯದಲ್ಲಿ ಮಾತ್ರ ಅಂದುಕೊಂಡಿದ್ದೆ ನಾನು. ಹಾಗಲ್ಲ. ಬೇಸಿಗೆಯಲ್ಲಿ ಮಣ್ಣಿನ ಹೂಜಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಇಡುತ್ತೇವಲ್ಲ, ಒಳಗಿನ ನೀರು ತಣ್ಣಗಾಗಲಿ ಅಂತ? ಬೆಟ್ಟದ ಮೇಲೆ ಆ ಹೂಜಿ ನಾವೇ. ಹತ್ತಿ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಜೀನ್ಸ್ ಎಂದರೆ ದಪ್ಪ ಹತ್ತಿಯೇ, ಇನ್ನೂ ಕಷ್ಟ. ನೆನೆದರೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ.

ಈ ಕಥೆ ಕೇಳಿ ನಮ್ಮ ಅತ್ತೆಯವರು ನಮ್ಮಿಬ್ಬರಿಗೂ ಚೆನ್ನಾಗಿ ಬೈದರು. ಅವರದು ತೀರ್ಥಹಳ್ಳಿ ಕಡೆಯ ತವರು. "ನಮ್ಮ ಕಾಲದಲ್ಲಿ ನಾಟಿಗೆ ಬರುವ ಹೆಂಗಸರಿಗೆ ನಿಮಗಿಂತ ಬುದ್ಧಿ ಇತ್ತು" ಎಂದರು. ಯೋಚಿಸಿದರೆ ನಿಜ ಅನ್ನಿಸಿತು. ಮಲೆನಾಡಿನಲ್ಲಿ ಗದ್ದೆ ಕೆಲಸದ ಹೆಂಗಸರು ಬೆನ್ನಿಗೆ ಗೊರಬು ಹಾಕಿಕೊಳ್ಳುತ್ತಿದ್ದರು. ಬಿದಿರಿನ ಹೆಣಿಗೆಯ ನಡುವೆ ಎಲೆ ಇಟ್ಟು ಮಾಡಿದ್ದು. ಮೇಲಿನಿಂದ ಮಳೆ ಒಳಗೆ ಬರದು, ಮುಂದೆಲ್ಲ ತೆರೆದಿರುವುದರಿಂದ ಮೈಯ ಬೆವರು ನಿಲ್ಲದು. ಗಂಡಸರದು ಕಂಬಳಿಕೊಪ್ಪೆ. ಉಣ್ಣೆ ನೆನೆದರೂ ಒಂದಿಷ್ಟು ಬೆಚ್ಚಗಿಡುತ್ತದೆ. ನೀರು ಒಳಗೆ ಬರಬಾರದು, ಆವಿ ಹೊರಗೆ ಹೋಗಬೇಕು. ಈಗಿನ 'ಬ್ರೀದಬಲ್ ವಾಟರ್‌ಪ್ರೂಫ್' ಪ್ಯಾಂಟುಗಳು ಮಾಡಲು ಹೊರಟಿರುವುದೂ ಇದನ್ನೇ.

ಹೇಗೆ ಮಾಡುತ್ತವೆ ಎಂಬುದು ಅಡುಗೆಮನೆಯವರಾದ ನಮಗೆ ಬೇಗ ಅರ್ಥವಾಗುತ್ತದೆ. ನಾನ್‌ಸ್ಟಿಕ್ ತವಾಕ್ಕೆ ಬಳಿಯುವ ವಸ್ತು ಗೊತ್ತಲ್ಲ, ಪಿಟಿಎಫ್‌ಇ? ಅಮೆರಿಕದ ಡೆಲಾವೇರ್‌ನಲ್ಲಿ ಬಿಲ್ ಗೋರ್ ಮತ್ತು ಅವರ ಪತ್ನಿ ವೀವ್ 1958ರಲ್ಲಿ ತಮ್ಮ ಮನೆಯ ನೆಲಮಾಳಿಗೆಯಲ್ಲೇ ಇದರ ಉದ್ಯಮ ಶುರು ಮಾಡಿದರು. 1969ರಲ್ಲಿ ಅವರ ಮಗ ಬಾಬ್ ಗೋರ್ ಬಿಸಿ ಮಾಡಿದ ಪಿಟಿಎಫ್‌ಇ ಸರಳನ್ನು ನಿಧಾನವಾಗಿ ಎಳೆದೆಳೆದು ಬೇಸತ್ತರು. ಎಷ್ಟು ಸಲ ಎಳೆದರೂ ತುಂಡಾಗುತ್ತಿತ್ತಂತೆ. ಕೊನೆಗೆ ಸಿಟ್ಟಿನಲ್ಲಿ ಒಮ್ಮೆಲೇ ಜಗ್ಗಿದರೆ ಅದು ಉದ್ದಕ್ಕೆ ಹಿಗ್ಗಿ, ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾದವು. ಗೋರ್‌ಟೆಕ್ಸ್ ಹುಟ್ಟಿದ್ದು ಹೀಗೆ. ಅದರ ಒಂದೊಂದು ರಂಧ್ರ ನೀರಿನ ಹನಿಗಿಂತ 20,000 ಪಟ್ಟು ಚಿಕ್ಕದು, ಆದರೆ ಆವಿಯ ಕಣಕ್ಕಿಂತ 700 ಪಟ್ಟು ದೊಡ್ಡದು ಎಂಬುದು ಕಂಪನಿಯ ಲೆಕ್ಕ. ಜರಡಿಯಲ್ಲಿ ಹಿಟ್ಟು ಇಳಿದು ತೌಡು ಉಳಿಯುವ ಹಾಗೆ ಅನ್ನಿ. ಈಗ ಬೇರೆ ಬೇರೆ ಕಂಪನಿಗಳು ಬೇರೆ ಪೊರೆಗಳನ್ನು ಮಾಡುತ್ತವೆ. ಕೆಲವಕ್ಕೆ ರಂಧ್ರವೇ ಇಲ್ಲ, ಪೊರೆಯೇ ಒಳಗಿನ ತೇವವನ್ನು ಹೀರಿ ಹೊರಗೆ ದಾಟಿಸುತ್ತದೆ.

ಇಷ್ಟು ಕೇಳಿ ಅಂಗಡಿಗೆ ಓಡಬೇಡಿ, ಒಂದು ಮಾತು ಉಳಿದಿದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಆವಿ ತಾನಾಗಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ತಣ್ಣಗಿರಬೇಕು, ಒಣಗಿರಬೇಕು. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ. ಜುಲೈಯಲ್ಲಿ ಮನೆಯೊಳಗೆ ಹಗ್ಗದ ಮೇಲೆ ಹಾಕಿದ ಟವೆಲ್ಲೇ ಮೂರು ದಿನಕ್ಕೂ ಒಣಗದಿದ್ದರೆ, ನಮ್ಮ ಪ್ಯಾಂಟಿನೊಳಗಿನ ಬೆವರು ಎಲ್ಲಿಗೆ ಹೋದೀತು? ಚಳಿ ದೇಶಗಳಲ್ಲಿ ಚೆನ್ನಾಗಿ ಕೆಲಸ ಮಾಡುವ ಬಟ್ಟೆ ನಮ್ಮ ಘಟ್ಟದ ಬುಡದ ಕಾಡಿನಲ್ಲಿ, ಸೆಕೆಯಲ್ಲಿ ಏರು ಹತ್ತುವಾಗ, ಸೋಲುತ್ತದೆ. ಮೇಲೆ ತಂಪು ಗಾಳಿ ಬೀಸುವ ಹುಲ್ಲುಗುಡ್ಡದಲ್ಲಿ ಅದೇ ಬಟ್ಟೆ ಎಷ್ಟೋ ವಾಸಿ.

ಆದ್ದರಿಂದ ನಾನು ಈಗ ಮಾಡುವುದು ಹೀಗೆ. ಬುಡದಿಂದ ಹೊರಡುವಾಗ ಬೇಗ ಒಣಗುವ ನೈಲಾನ್ ಅಥವಾ ಪಾಲಿಯೆಸ್ಟರ್ ಪ್ಯಾಂಟು. ಮಳೆ ಬಂದರೆ ನೆನೆಯಲಿ ಬಿಡಿ, ನಡೆಯುತ್ತಿದ್ದರೆ ಚಳಿಯಾಗುವುದಿಲ್ಲ. ಮಳೆ ಪ್ಯಾಂಟು ಚೀಲದ ಮೇಲ್ಭಾಗದಲ್ಲಿ ಕೈಗೆ ಸಿಗುವಂತೆ. ಕಾಡು ಮುಗಿದು ಬಯಲು ಕಾಣುತ್ತಲೇ, ಚಳಿ ಶುರುವಾಗುವ ಮೊದಲೇ, ಮೇಲೆ ಹಾಕಿಕೊಳ್ಳುವುದು. ಊಟಕ್ಕೆ ಕುಳಿತಾಗಲೂ ಅಷ್ಟೇ. ಮೈ ಒಣಗಿಸುವುದು ಅದರ ಕೆಲಸವಲ್ಲ, ಗಾಳಿಯನ್ನೂ ತಣ್ಣನೆಯ ಮಳೆಯನ್ನೂ ತಡೆಯುವುದು ಅದರ ಕೆಲಸ. ಹೀಗೆ ತಿಳಿದುಕೊಂಡರೆ ದುಬಾರಿ ಪ್ಯಾಂಟು ಕೊಂಡು ನಿರಾಶೆಪಡುವುದು ತಪ್ಪುತ್ತದೆ.

ಇನ್ನು ಅಂಗಡಿಯ ಮಾತು. ಚೀಟಿಯ ಮೇಲೆ ಎರಡು ಸಂಖ್ಯೆ ಇರುತ್ತವೆ. 10,000 ಮಿ.ಮೀ. ಎಂದಿದ್ದರೆ, ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೆ ಮಾತ್ರ ಒಳಗೆ ಜಿನುಗುತ್ತದೆ ಎಂದು ಅರ್ಥ. ತುಂತುರು ಮಳೆಗೆ 2,000 ಸಾಕು. ನಾವು ಬಂಡೆಯ ಮೇಲೆ ಕೂರುತ್ತೇವೆ, ಮಂಡಿಯೂರುತ್ತೇವೆ, ಆಗ ಒತ್ತಡ ಬಹಳ. ಪ್ಯಾಂಟಿಗೆ 10,000 ಇದ್ದರೆ ಒಳ್ಳೆಯದು. ಎರಡನೆಯ ಸಂಖ್ಯೆ, ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಹೊರಗೆ ಹೋಗುತ್ತದೆ ಎಂಬುದು. 10,000ಕ್ಕೆ ಮೇಲಿದ್ದರೆ ವಾಸಿ. ಆದರೆ ಒಬ್ಬೊಬ್ಬ ಕಂಪನಿಯವರು ಒಂದೊಂದು ರೀತಿ ಪರೀಕ್ಷೆ ಮಾಡುತ್ತಾರೆ, ಹಾಗಾಗಿ ಈ ಅಂಗಡಿಯ ಸಂಖ್ಯೆಯನ್ನು ಆ ಅಂಗಡಿಯದರ ಜೊತೆ ತೂಗಲಾಗದು. ಕೆಲವರು 'ರೆಟ್' ಎಂದು ಬರೆಯುತ್ತಾರೆ. ಅದು ಉಲ್ಟಾ, ಕಡಿಮೆ ಇದ್ದಷ್ಟೂ ಒಳ್ಳೆಯದು. 20ಕ್ಕೆ ಮೇಲಿದ್ದರೆ ಬೆವರಿಗೆ ದಾರಿ ಇಲ್ಲ ಎಂದೇ ತಿಳಿಯಿರಿ.

ನನ್ನನ್ನು ಕೇಳಿದರೆ ಸಂಖ್ಯೆಗಿಂತ ಮೊದಲು ಜಿಪ್ ನೋಡಿ. ಪಕ್ಕದಲ್ಲಿ ಪಾದದಿಂದ ತೊಡೆಯವರೆಗೆ, ಕೊನೆಗೆ ಮಂಡಿಯವರೆಗಾದರೂ ತೆರೆಯುವ ಜಿಪ್ ಇರಬೇಕು. ಶೂ ಬಿಚ್ಚದೆ ಹಾಕಿಕೊಳ್ಳಬಹುದು. ಕೆಸರಿನಲ್ಲಿ ಒಂಟಿ ಕಾಲಿನಲ್ಲಿ ಕುಣಿಯುವ ಕಷ್ಟ ಅನುಭವಿಸಿದವರಿಗೇ ಗೊತ್ತು! ಸೆಕೆಯಾದರೆ ಅದನ್ನೇ ತೆರೆದುಕೊಂಡು ನಡೆಯಬಹುದು. ನಮ್ಮ ಹವೆಯಲ್ಲಿ ಯಾವ ಪೊರೆಗಿಂತಲೂ ಹೆಚ್ಚು ಆವಿ ಹೊರಹಾಕುವುದು ಈ ತೆರೆದ ಜಿಪ್ಪೇ, ಗೊರಬಿನ ತೆರೆದ ಮುಂಭಾಗದ ಹಾಗೆ. ಆಮೇಲೆ ಪ್ಯಾಂಟನ್ನು ಒಳಮೈ ಮಾಡಿ ಹೊಲಿಗೆ ನೋಡಿ. ಪ್ರತಿ ಹೊಲಿಗೆಯ ಮೇಲೂ ಟೇಪು ಅಂಟಿಸಿರಬೇಕು, ಮುಖ್ಯವಾಗಿ ಕೂರುವ ಭಾಗದಲ್ಲಿ. ಸೂಜಿ ಚುಚ್ಚಿದ ಕಡೆಯೆಲ್ಲ ತೂತೇ ತಾನೇ? ನಾನು ಮೋಸ ಹೋಗಿದ್ದು ಅಲ್ಲೇ.

ಅಳತೆಗೆ ನಾಚಿಕೊಳ್ಳಬೇಡಿ. ಎಷ್ಟೋ ಪ್ಯಾಂಟುಗಳು ಗಂಡಸರ ಮೈಗೆ ಹೊಲಿದಂಥವು. ಸೊಂಟಕ್ಕೆ ಸಡಿಲ, ಪೃಷ್ಠಕ್ಕೆ ಬಿಗಿ. ಹೆಂಗಸರ ಅಳತೆಯದನ್ನೇ ಕೇಳಿ. ಒಳಗೆ ನೀವು ಧರಿಸುವ ಪ್ಯಾಂಟಿನ ಸಮೇತ ಹಾಕಿ, ಅಂಗಡಿಯಲ್ಲೇ ರಂಗೋಲಿ ಹಾಕುವ ಹಾಗೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ಎತ್ತರದ ಮೆಟ್ಟಿಲು ಹತ್ತುವಂತೆ ಮಂಡಿ ಎತ್ತಿ. ಎಳೆದರೆ ಇನ್ನೊಂದು ಸೈಜು ದೊಡ್ಡದು ತೆಗೆದುಕೊಳ್ಳಿ. ಸೊಂಟಕ್ಕೆ ಎಲಾಸ್ಟಿಕ್ ಮತ್ತು ಲಾಡಿ ಎರಡೂ ಇರಲಿ. ಭುಜಕ್ಕೆ ಪಟ್ಟಿ ಇರುವ ನಮೂನೆ ಬೇಡವೇ ಬೇಡ. ಬೆಟ್ಟದಲ್ಲಿ ಮರೆ ಹುಡುಕಿ ಕೂರುವುದು ನಮಗೆ ಮೊದಲೇ ಸಂಕಟ. ಅದಕ್ಕೆ ಹೆದರಿ ನೀರೇ ಕುಡಿಯದೆ ನಡೆದು ತಲೆ ಸುತ್ತಿ ಬಿದ್ದವರನ್ನು ನಾನು ಕಂಡಿದ್ದೇನೆ. ತಿಂಗಳ ಆ ದಿನಗಳಲ್ಲಿ ಹೋಗಬೇಕಾಗಿ ಬಂದರಂತೂ ಸಲೀಸಾಗಿ ಬಿಚ್ಚುವ ಪ್ಯಾಂಟೇ ದೇವರು.

ಪಾದದ ಹತ್ತಿರ ಬಿಗಿ ಮಾಡುವ ಪಟ್ಟಿಯೋ ದಾರವೋ ಇದ್ದರೆ ಇಂಬಳಕ್ಕೂ ಒಂದು ತಡೆ. ಪೂರ್ತಿ ತಡೆಯಲು ಇಂಬಳದ ಕಾಲುಚೀಲವೇ ಬೇಕು, ಅದು ಬೇರೆ ಮಾತು.

ಬಹಳ ಹಣ ಹಾಕಬೇಕೆಂದೇನಿಲ್ಲ. ಮೂರು ಪದರದ ಬಟ್ಟೆ ಗಟ್ಟಿ, ಬೆಲೆಯೂ ಗಟ್ಟಿ. ವರ್ಷಕ್ಕೆ ಎರಡು ಬೆಟ್ಟ ಹತ್ತುವ ನಮಗೆ ಹಗುರವಾದ ಎರಡೂವರೆ ಪದರದ್ದು ಸಾಕು. ಅದು ಬರೀ ಮೈಗೆ ಅಂಟುತ್ತದೆ, ಒಳಗೊಂದು ಪ್ಯಾಂಟು ಇದ್ದರೆ ಆ ಕಿರಿಕಿರಿ ಇಲ್ಲ. ನನ್ನದು 2,000 ರೂಪಾಯಿಯ ಒಳಗೇ ಬಂತು. ಒಂದು ರೇಷ್ಮೆ ಸೀರೆಯ ಫಾಲ್, ಕುಚ್ಚು, ಬ್ಲೌಸಿನ ಹೊಲಿಗೆಗೆ ಈಗ ಎಷ್ಟಾಗುತ್ತದೆ, ನೀವೇ ಲೆಕ್ಕ ಹಾಕಿ.

ಕೊಂಡ ಮೇಲೆ ಒಗೆಯುವುದರಲ್ಲಿ ಜಾಣತನ ಬೇಕು. ಹೊಸ ಪ್ಯಾಂಟಿನ ಮೇಲೆ ನೀರು ಚಿಮುಕಿಸಿದರೆ ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಮುತ್ತಾಗಿ ಉರುಳುತ್ತದೆ. ಹೊರಮೈಗೆ ಹಾಕಿದ ಲೇಪನ ಅದು. ಸವೆದರೆ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಒಳಗಿನ ಆವಿಗೆ ದಾರಿ ಮುಚ್ಚಿ ಬೆವರು ಅಲ್ಲೇ ನಿಲ್ಲುತ್ತದೆ. ನಾವು ಪ್ಯಾಂಟು ಸೋರುತ್ತಿದೆ ಎಂದು ಬೈಯುತ್ತೇವೆ. ಹಳೆಯ ಲೇಪನಗಳಲ್ಲಿ ಮಣ್ಣಿನಲ್ಲೂ ನೀರಿನಲ್ಲೂ ಸುಲಭವಾಗಿ ಕರಗದೆ ಉಳಿಯುವ ಫ್ಲೋರಿನ್ ರಾಸಾಯನಿಕಗಳಿದ್ದವು. ಈಗ 'ಪಿಎಫ್‌ಸಿ ಫ್ರೀ' ಎಂಬ ಚೀಟಿಯವು ಬರುತ್ತಿವೆ. ನಾವು ಹೋಗುವುದೇ ನದಿ ಹುಟ್ಟುವ ಬೆಟ್ಟಗಳಿಗಲ್ಲವೇ, ನಾನು ಅದನ್ನೇ ಆರಿಸಿದೆ. ಅದರ ಲೇಪನಕ್ಕೆ ಉಪಚಾರ ಸ್ವಲ್ಪ ಹೆಚ್ಚು ಬೇಕು, ಅಷ್ಟೇ.

ಕೆಸರು ಒಣಗಿ ಗಟ್ಟಿಯಾಗುವ ಮೊದಲು ತಣ್ಣೀರಿನಲ್ಲಿ ತೊಳೆಯಿರಿ. ಸೋಪಿನ ಪುಡಿ ಬೇಡ, ದ್ರವ ಸೋಪು ಸ್ವಲ್ಪ ಹಾಕಿ. ಕಡೆಗೆ ಎರಡು ಮೂರು ನೀರಿನಲ್ಲಿ ಚೆನ್ನಾಗಿ ಜಾಲಿಸಿ, ಸೋಪು ಉಳಿದರೂ ಬಟ್ಟೆ ನೀರು ಹಿಡಿಯುತ್ತದೆ. ಬಟ್ಟೆ ಮೃದುವಾಗಲೆಂದು ಹಾಕುವ ಸುವಾಸನೆಯ ದ್ರವವನ್ನಂತೂ ಮುಟ್ಟಿಸಬೇಡಿ. ಒಗೆಯುವ ಕಲ್ಲಿಗೆ ಬಡಿಯಬಾರದು, ಹಿಂಡಬಾರದು, ನೆರಳಿನಲ್ಲಿ ಹರವಬೇಕು. ಚೀಟಿಯಲ್ಲಿ ಇಸ್ತ್ರಿಗೆ ಒಪ್ಪಿಗೆ ಇದ್ದರೆ ಮೇಲೊಂದು ತೆಳು ಬಟ್ಟೆ ಹಾಕಿ ಸಣ್ಣ ಬಿಸಿಯಲ್ಲಿ ಉಜ್ಜಿ, ಲೇಪನ ಮತ್ತೆ ಚುರುಕಾಗುತ್ತದೆ. ಆಗಲೂ ಹನಿ ಉರುಳದಿದ್ದರೆ ಸಿಂಪಡಿಸುವ ಲೇಪನ ಅಂಗಡಿಯಲ್ಲಿ ಸಿಗುತ್ತದೆ.

ಕಳೆದ ವರ್ಷ ಓರಗಿತ್ತಿ ಮತ್ತೆ ಕುದುರೆಮುಖಕ್ಕೆ ಹೊರಟಳು. ಈ ಸಲ ಚೀಲ ನಾನೇ ತೆಗೆದು ನೋಡಿದೆ. ಮೇಲೆಯೇ ಇತ್ತು, ಕಡುನೀಲಿ ಬಣ್ಣದ ಮಳೆ ಪ್ಯಾಂಟು. ಶಿಖರದಲ್ಲಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಇಬ್ಬರೂ ಅಲ್ಲೇ ಒದ್ದೆ ಬಂಡೆಯ ಮೇಲೆ ಕುಳಿತು ಪುಳಿಯೋಗರೆ ತಿಂದು ಬಂದೆವು.